ಐಒಎಂಎಂಯು ಆನ್ ಇದ್ದರೆ ಮಾತ್ರ ಪರದೆ ಕಪ್ಪಾಗುವುದು
ನಿಮ್ಮ ಲಿನಕ್ಸ್ ಡ್ರೈವರ್‌ನಲ್ಲಿ ಐಒಎಂಎಂಯು (ಕಾರ್ಡಿನಂಥ ಸಾಧನಗಳು ಮೆಮೊರಿ ಮುಟ್ಟುವಾಗ ಅವುಗಳ ವಿಳಾಸವನ್ನು ಬದಲಿಸಿಕೊಡುವ ಘಟಕ) ಆನ್ ಇದ್ದರೆ ಡಿಸ್‌ಪ್ಲೇ ಕಾರ್ಡಿನ ಪರದೆ ಕಪ್ಪಾಗುತ್ತದೆ, ಆಫ್ ಇದ್ದರೆ ಚಿತ್ರ ಬರುತ್ತದೆ ಅಂದಿದ್ದೀರಿ. ಚಿತ್ರದ ಬಫರನ್ನು ಕೆಮಾಲಕ್‌ನಿಂದ ಪಡೆದು, ಅದರ ವಿಳಾಸವನ್ನು ವರ್ಟ್_ಟು_ಫಿಸ್ ಮೂಲಕ ಕಾರ್ಡಿಗೆ ಕೊಟ್ಟಿದ್ದೀರಿ. ತಪ್ಪು ಬಹುಶಃ ಆ ವರ್ಟ್_ಟು_ಫಿಸ್ ಬಳಸಿದ್ದರಲ್ಲೇ ಇದೆ. ಅದು ಕೊಡುವುದು ಸಿಪಿಯು ನೋಡುವ ಭೌತಿಕ ವಿಳಾಸ. ಐಒಎಂಎಂಯು ಆಫ್ ಇದ್ದಾಗ ಕಾರ್ಡಿಗೂ ಅದೇ ನಡೆಯುತ್ತದೆ, ಹಾಗಾಗಿ ನಿಮಗೆ ಚಿತ್ರ ಬಂದಿದೆ. ಆನ್ ಮಾಡಿದಾಗ ಕಾರ್ಡಿನ ವಿಳಾಸಗಳಿಗೆ ಬೇರೆಯೇ ಪೇಜ್ ಟೇಬಲ್ (ಯಾವ ವಿಳಾಸ ಎಲ್ಲಿಗೆ ಹೋಗಬೇಕು ಅನ್ನುವ ಪಟ್ಟಿ). ಅದರಲ್ಲಿ ನಿಮ್ಮ ವಿಳಾಸ ಇಲ್ಲ, ಅದಕ್ಕೇ ಲಾಗ್‌ನಲ್ಲಿ ಡಿಎಂಎಆರ್ ಫಾಲ್ಟ್, ಅಂದರೆ ಕಾರ್ಡಿನ ಪ್ರವೇಶವನ್ನು ಐಒಎಂಎಂಯು ತಡೆದ ವರದಿ.

ಮೊದಲು ಪ್ರೋಬ್‌ನಲ್ಲಿ (ಕಾರ್ಡ್ ಸಿಕ್ಕಾಗ ಕರ್ನಲ್ ಕರೆಯುವ ನಿಮ್ಮ ಡ್ರೈವರ್‌ನ ಫಂಕ್ಷನ್) ಡಿಎಂಎ_ಸೆಟ್_ಮಾಸ್ಕ್_ಅಂಡ್_ಕೊಹೆರೆಂಟ್ ಕರೆಯಿರಿ. ಕಾರ್ಡ್ ಎಷ್ಟು ಬಿಟ್‌ನ ವಿಳಾಸ ಬಳಸಬಲ್ಲದು ಅಂತ ಇದು ಕರ್ನಲ್‌ಗೆ ಹೇಳುತ್ತದೆ; ಎಷ್ಟು ಬಿಟ್ ಅನ್ನುವುದು ಕಾರ್ಡಿನ ಕೈಪಿಡಿಯಲ್ಲಿ ಇರುತ್ತದೆ. ಸುಮ್ನೆ 64 ಅಂತ ಹಾಕಬೇಡಿ. ಆ ಕರೆಯಿಂದ ಸೊನ್ನೆ ಬಿಟ್ಟು ಬೇರೆ ಏನೇ ವಾಪಸ್ ಬಂದರೂ ಅಲ್ಲೇ ನಿಲ್ಲಿಸಿ. ಆಮೇಲೆ ಕೆಮಾಲಕ್ ತೆಗೆದು ಡಿಎಂಎ_ಅಲಾಕ್_ಕೊಹೆರೆಂಟ್ ಹಾಕಿ. ಅದರಿಂದ ಎರಡು ವಿಳಾಸ ಸಿಗುತ್ತವೆ. ವಾಪಸ್ ಬರುವ ಪಾಯಿಂಟರ್ ನಿಮ್ಮ ಕೋಡ್‌ಗೆ. ಡಿಎಂಎ_ಆಡ್ರ್_ಟಿ ಹ್ಯಾಂಡಲ್ ಕಾರ್ಡಿನ ರಿಜಿಸ್ಟರಿಗೆ. ಅದಲುಬದಲಾದರೆ ಮತ್ತೆ ಅದೇ ಫಾಲ್ಟ್!

ರಿಜಿಸ್ಟರ್ 32 ಬಿಟ್‌ನ ಎರಡು ತುಂಡಾಗಿದ್ದರೆ ಮೇಲಿನ ಅರ್ಧವನ್ನೂ ಬರೆಯಿರಿ. ಇದನ್ನು ಬಿಟ್ಟರೆ 4 ಜಿಬಿಗಿಂತ ಮೇಲಿನ ವಿಳಾಸ ಸಿಕ್ಕಾಗ ಮಾತ್ರ ಕೆಡುತ್ತದೆ, ಹುಡುಕುವುದು ದೊಡ್ಡ ತಲೆನೋವು.

ನಿಮ್ಮ ಎಂಮ್ಯಾಪ್ ಕೋಡ್ (ಬಫರನ್ನು ಬಳಕೆದಾರರ ಪ್ರೋಗ್ರಾಂಗೆ ಕಾಣಿಸುವ ಭಾಗ) ನೀವು ಹಾಕಿಲ್ಲ. ಅಲ್ಲೂ ವರ್ಟ್_ಟು_ಫಿಸ್ ಇದ್ದರೆ ಡಿಎಂಎ_ಎಂಮ್ಯಾಪ್_ಕೊಹೆರೆಂಟ್‌ಗೆ ಬದಲಾಯಿಸಿ. ಇಷ್ಟಾದ ಮೇಲೂ ಫಾಲ್ಟ್ ಬಂದರೆ, ಲಾಗ್‌ನಲ್ಲಿರುವ ವಿಳಾಸವನ್ನು ನಿಮ್ಮ ಹ್ಯಾಂಡಲ್ ಜೊತೆ ಹೋಲಿಸಿ. ಬಫರ್‌ನ ಕೊನೆ ದಾಟಿದ್ದರೆ ಸಮಸ್ಯೆ ಅಳತೆಯದು, ಅಂದರೆ ಪಿಚ್ (ಚಿತ್ರದ ಒಂದು ಸಾಲಿಗೆ ಎಷ್ಟು ಬೈಟ್) ಅಥವಾ ಎತ್ತರ ತಪ್ಪಾಗಿದೆ.