ಜನಗಣತಿಯಲ್ಲಿ ಮುತ್ತಾತನ ಹೆಸರು ಹುಡುಕುತ್ತಿರುವವರಿಗೆ

ನಿಮ್ಮ ಪ್ರಶ್ನೆ ಓದಿದೆ ಕಣಮ್ಮ. ಲಂಡನ್ನಿನಲ್ಲಿರುವ ನಿಮ್ಮ ತಮ್ಮ ಅಲ್ಲಿನ 1921ರ ಜನಗಣತಿಯಲ್ಲಿ ತನ್ನ ಹೆಂಡತಿ ಕಡೆಯ ಮುತ್ತಜ್ಜನ ಹೆಸರು, ವಯಸ್ಸು, ಕೆಲಸ ಎಲ್ಲಾ ತೆಗೆದು ತೋರಿಸಿದರು ಅಂತ ಬರೆದಿದ್ದೀರಿ. ಹಾಗೇ ಪಾಂಡವಪುರ ತಾಲ್ಲೂಕಿನ ನಿಮ್ಮ ಮುತ್ತಾತನ ಹೆಸರನ್ನು ಮೈಸೂರು ಸಂಸ್ಥಾನದ 1901ರ ಅಥವಾ 1931ರ ಗಣತಿಯಲ್ಲಿ ಹುಡುಕೋಕೆ ಎಲ್ಲಿ ಅರ್ಜಿ ಹಾಕಬೇಕು ಅಂತ ಕೇಳಿದ್ದೀರಿ. ಕೆಳಗೆ ಯಾರೋ ಆರ್‌ಟಿಐ ಹಾಕಿ ಅಂದಿದ್ದಾರೆ. ಹಾಕಬೇಡಿ. ಸುಮ್ನೆ ದಂಡ.

ನಾನು ಕಂದಾಯ ಇಲಾಖೆಯಲ್ಲಿದ್ದು ರಿಟೈರ್ ಆದವನು. ರೆಕಾರ್ಡ್ ರೂಮಿನ ಧೂಳು ಸಾಕಷ್ಟು ಕುಡಿದಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಆಗ ಹೆಸರು ಬರೆದುಕೊಂಡಿರಲಿಲ್ಲ ಅಂತಲ್ಲ, ಬರೆದುಕೊಂಡಿದ್ದರು. ಆದರೆ ಸರ್ಕಾರಕ್ಕೆ ಬೇಕಿದ್ದದ್ದು ಲೆಕ್ಕ. 1901ರಿಂದ ತಲೆಗೊಂದು ಚೀಟಿ ಮಾಡಿ, ಅದರ ಮೇಲೆ ವಯಸ್ಸು, ಜಾತಿ, ಕಸುಬು ಇಳಿಸಿಕೊಂಡು, ಗೂಡುಗೂಡಾಗಿ ವಿಂಗಡಿಸಿ ಎಣಿಸುತ್ತಿದ್ದರು. ವರದಿ ಅಚ್ಚಾದ ಮೇಲೆ ಮನೆ ಮನೆಯ ಹಾಳೆಗಳನ್ನೂ ಚೀಟಿಗಳನ್ನೂ ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ, ನಾಶ ಮಾಡಿಬಿಡುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲಿನ ಗಣತಿಗಳಿಗೆ 1948ರ ಜನಗಣತಿ ಕಾಯಿದೆ ಇದೆ. ಅದರ 15ನೇ ಸೆಕ್ಷನ್ ಪ್ರಕಾರ ಆ ಹಾಳೆಗಳನ್ನು ಯಾರೂ ನೋಡುವ ಹಾಗಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಸಾಮಾನ್ಯವಾಗಿ ನಡೆಯಲ್ಲ. ಇಂಗ್ಲೆಂಡಿನಲ್ಲಿ ನೂರು ವರ್ಷ ಆದ ಮೇಲೆ, ಅಮೆರಿಕದಲ್ಲಿ 72 ವರ್ಷ ಆದ ಮೇಲೆ ಹೆಸರು ಸಮೇತ ಬಿಡುತ್ತಾರೆ. ನಮ್ಮಲ್ಲಿ ಆ ವ್ಯವಸ್ಥೆಯೇ ಇಲ್ಲ. ನಿಮ್ಮ ತಮ್ಮ ಜಾಸ್ತಿ ಜಂಭ ಕೊಚ್ಚಿಕೊಂಡರೆ ಅವರ 1931ರದ್ದು ತೋರಿಸಪ್ಪ ಅನ್ನಿ. ಅದು 1942ರಲ್ಲಿ ಬೆಂಕಿ ಬಿದ್ದು ಪೂರ್ತಿ ಸುಟ್ಟುಹೋಗಿದೆ.

ಹಾಗಂತ ಗಣತಿ ಪುಸ್ತಕಗಳು ಕೆಲಸಕ್ಕೇ ಬರಲ್ಲ ಅಂತಲ್ಲ. ಅದರಲ್ಲಿ ಸಿಗೋದು ಊರು, ಆಳಲ್ಲ. 1951ರಿಂದ ಬಂದ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ ಹಳ್ಳಿ ಹಳ್ಳಿಯ ಜನಸಂಖ್ಯೆ ಇದೆ. ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ ಹಳೆಯ ವರದಿಗಳು ಬಿಟ್ಟಿಯಾಗಿ ಸಿಗುತ್ತವೆ. ನಿಮಗೆ ಮೊದಲು ಬೇಕಾಗಿರೋದು ಊರು ಆ ಕಾಲದಲ್ಲಿ ಯಾವ ಹೆಸರಿನಲ್ಲಿ, ಯಾವ ತಾಲ್ಲೂಕಿನಲ್ಲಿ, ಯಾವ ಜಿಲ್ಲೆಯಲ್ಲಿ ಇತ್ತು ಅನ್ನೋದು. ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ. 1931ರ ವರದಿಯಲ್ಲಿ ಮಂಡ್ಯ ಜಿಲ್ಲೆ ಅಂತ ಹುಡುಕಿದರೆ ಎಲ್ಲಿ ಸಿಗುತ್ತೆ? ಮೈಸೂರು ಜಿಲ್ಲೆ ತೆಗೆಯಬೇಕು. ನಿಮ್ಮ ಪಾಂಡವಪುರ ಹಳೆಯ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್ ಅಂತ ಬರುತ್ತೆ, ಅದಕ್ಕೂ ಹಿಂದಿನ ಹೆಸರು ಹಿರೋಡೆ. ಕೆ.ಆರ್. ಪೇಟೆ ಅತ್ತಿಕುಪ್ಪೆ ಆಗಿತ್ತು. ಕೊಳ್ಳೇಗಾಲದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನೆನಪಿರಲಿ, 1956ರವರೆಗೆ ನಿಮ್ಮದು ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಮೈಸೂರಿನ ವರದಿಗಳಲ್ಲಿ ನಿಮ್ಮೂರೇ ಇರಲ್ಲ.

ಇನ್ನೊಂದು. ಕುಟುಂಬದವರು ಹೇಳುವ ಊರು ಈಗ ಇಲ್ಲದೇ ಇರಬಹುದು. ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತ ಬರೆದಿರುತ್ತಾರೆ. ಮನೆ ಇಲ್ಲ, ಜನ ಇಲ್ಲ, ಆದರೆ ಊರಿನ ಹೆಸರಿನಲ್ಲಿ ಸರ್ವೆ ನಂಬರುಗಳು ಮಾತ್ರ ಇವೆ. ಬರ, ಪ್ಲೇಗು, ಕೆರೆ ಒಡೆದದ್ದು, ಒಂದೊಂದಕ್ಕೆ ಒಂದೊಂದು ಕಾರಣ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದದ್ದು 1876–78ರ ಬರ, ಧಾತು ಸಂವತ್ಸರದಲ್ಲಿ ಶುರುವಾದದ್ದು. ಮನೆಯಲ್ಲಿ ‘ನಮ್ಮವರು ಬರದಲ್ಲಿ ಊರು ಬಿಟ್ಟು ಬಂದವರು’ ಅಂತ ಮಾತಿದ್ದರೆ ಮೊದಲು ಈ ಬರವನ್ನೇ ಅನುಮಾನಿಸಿ.

ಈಗ ಹೆಸರಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಹೆಸರು ಉಳಿದಿರೋದು ಜಮೀನಿನ ಕಾಗದದಲ್ಲಿ. ಕಂದಾಯ ವಸೂಲಿ ಆಗಬೇಕಲ್ಲ, ಅದಕ್ಕೆ ಆ ಕಾಗದಗಳನ್ನು ಸರ್ಕಾರ ಜೋಪಾನ ಮಾಡಿತು.

ನಿಮ್ಮ ಚಿಕ್ಕಪ್ಪನ ಹತ್ತಿರ ಊರಿನ ಜಮೀನು ಇನ್ನೂ ಇದೆ ಅಂದಿದ್ದೀರಿ. ಅರ್ಧ ಕೆಲಸ ಆದ ಹಾಗೆ. ಈಗಿನ ಪಹಣಿ ತೆಗೆಯಿರಿ, ಅಂದರೆ ಜಮೀನು ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಆರ್‌ಟಿಸಿ. 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು ಅನ್ನೋದು ಇರುತ್ತೆ. ಅಲ್ಲಿ ಎಂಆರ್ ನಂಬರ್ (ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ರಿಜಿಸ್ಟರಿನ ನಂಬರ್) ಮತ್ತು ವರ್ಷ ಇರುತ್ತೆ. ಆ ನಂಬರೇ ನಿಮಗೆ ಮೆಟ್ಟಿಲು. ಆ ಮ್ಯುಟೇಶನ್ನಿನ ನಕಲು ತೆಗೆದರೆ ಹಿಂದಿನ ಖಾತೆದಾರ ಸಿಗುತ್ತಾನೆ. ಅವನ ಹೆಸರು ಹಿಡಿದು ಹಳೆಯ ಕೈಬರಹದ ಪಹಣಿ, ಅದರಲ್ಲಿ ಇನ್ನೊಂದು ಎಂಆರ್. ಕಂಪ್ಯೂಟರ್ ಪಹಣಿ ಬಂದದ್ದು 2000ದ ಆಸುಪಾಸಿನಲ್ಲಿ, ಭೂಮಿ ಯೋಜನೆಯಲ್ಲಿ. ಅದಕ್ಕೂ ಹಿಂದಿನದೆಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ. ಈಗ ಭೂ ಸುರಕ್ಷಾ ಅಂತ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಊರಿನದ್ದು ಆಗಿದ್ದರೆ ನಕಲು ಬೇಗ ಸಿಗಬಹುದು.

ಮ್ಯುಟೇಶನ್ನುಗಳಲ್ಲಿ ನಿಮಗೆ ಚಿನ್ನದಂಥದ್ದು ಪೌತಿ ಖಾತೆ. ಖಾತೆದಾರ ತೀರಿಕೊಂಡಾಗ ಮಕ್ಕಳ ಹೆಸರಿಗೆ ಬದಲಾಯಿಸುವಾಗ ವಂಶವೃಕ್ಷ ಲಗತ್ತಿಸಬೇಕು. ಅದು ಇರೋದು ಹೇಗೆ ಗೊತ್ತಾ? ಹಳದಿ ತಿರುಗಿದ ಹಾಳೆಯ ನೆತ್ತಿಯಲ್ಲಿ ಮೂಲಪುರುಷನ ಹೆಸರು, ಪಕ್ಕದಲ್ಲಿ ‘ಮೃತ’. ಕೆಳಗೆ ಗೆರೆ ಎಳೆದು ಗಂಡುಮಕ್ಕಳು, ಹೆಣ್ಣುಮಕ್ಕಳಿದ್ದರೆ ಅವರನ್ನು ಯಾವ ಊರಿಗೆ ಕೊಟ್ಟಿದೆ ಅನ್ನೋದು, ‘ಸಂತಾನವಿಲ್ಲ’ ಅಂತ ಒಂದು ಕವಲಿಗೆ ಅಲ್ಲಿಗೇ ಮುಕ್ತಾಯ. ತಳದಲ್ಲಿ ಊರಿನ ನಾಲ್ಕು ಜನರ ಸಹಿ, ಒಂದೆರಡು ಹೆಬ್ಬೆಟ್ಟು. ಒಂದು ಹಾಳೆಯಲ್ಲಿ ಮೂರು ತಲೆಮಾರು ಸಿಕ್ಕಿಬಿಡುತ್ತೆ. ಬರೀ ರಿಜಿಸ್ಟರಿನ ನಕಲು ಕೇಳಿದರೆ ಇದು ಬರಲ್ಲ. ಅರ್ಜಿಯಲ್ಲಿ ‘ಕಡತ ಸಮೇತ’ ಅಂತ ಸ್ಪಷ್ಟವಾಗಿ ಬರೆಯಿರಿ.

ಅದಕ್ಕೂ ಹಿಂದೆ ಹೋಗಬೇಕಾದರೆ ಐಎಲ್, ಆರ್‌ಆರ್ ಕೇಳಿ. ಕಚೇರಿಯಲ್ಲಿ ಹಾಗೇ ಹೇಳೋದು, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ), ರೆಕಾರ್ಡ್ ಆಫ್ ರೈಟ್ಸ್ (ಹಕ್ಕು ದಾಖಲೆ). ಇನ್ನೂ ಹಿಂದಿನದು ಮೂಲ ಸರ್ವೆಯ ಕಾಗದ. ಮೈಸೂರಿನಲ್ಲಿ ಸರ್ವೆ ಶುರುವಾದದ್ದು 1863ರಲ್ಲಿ. ಅದು ಸರ್ವೆ ಇಲಾಖೆಯಲ್ಲಿ ಸಿಗಬೇಕು, ಖೇತ್ವಾರ್ (ಹೊಲವಾರು ಪಟ್ಟಿ) ಮತ್ತು ಟಿಪ್ಪಣಿ (ಅಳತೆಯ ಕಾಗದ) ಅಂತ ಕೇಳಿ. ಎಷ್ಟೋ ಹಳ್ಳಿಗಳದ್ದು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿರುತ್ತೆ. ಸಿಗದಿದ್ದರೆ ಸಿಬ್ಬಂದಿ ಮೇಲೆ ರೇಗಬೇಡಿ.

ಓದುವಾಗ ಕೆಲವು ವಿಷಯ ಗಮನಿಸಿ. ಹೆಸರಿನ ಮುಂದೆ ‘ಬಿನ್’ ಇದ್ದರೆ ಅದಾದ ಮೇಲೆ ಬರೋದು ಅಪ್ಪನ ಹೆಸರು, ‘ಕೋಂ’ ಇದ್ದರೆ ಗಂಡನ ಹೆಸರು. ಚಿಕ್ಕೇಗೌಡ ಬಿನ್ ಮರೀಗೌಡ, ಈ ಥರ. ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ ಅಲ್ವಾ? ಚಿಕ್ಕೇಗೌಡ ಬಿನ್ ಮರೀಗೌಡ, ಮರೀಗೌಡ ಬಿನ್ ಚಿಕ್ಕೇಗೌಡ, ಮತ್ತೆ ಚಿಕ್ಕೇಗೌಡ ಬಿನ್ ಮರೀಗೌಡ. ಮೊದಲನೆಯವನೂ ಮೂರನೆಯವನೂ ಒಬ್ಬನೇ ಅಂದುಕೊಂಡರೆ ಎರಡು ತಲೆಮಾರು ನುಂಗಿಹೋಗುತ್ತೆ. ಹಾಗಾಗಿ ಹೆಸರಿನ ಜೊತೆ ಸರ್ವೆ ನಂಬರ್, ವಿಸ್ತೀರ್ಣ, ವರ್ಷ ಮೂರನ್ನೂ ಯಾವಾಗಲೂ ಬರೆದುಕೊಳ್ಳಿ. ‘ಉರುಫ್’ ಅಂತ ಅಡ್ಡಹೆಸರು ಕೊಟ್ಟಿದ್ದರೆ ಬಿಡಲೇಬೇಡಿ. ಊರಿನ ಹಿರಿಯರಿಗೆ ಕಾಗದದ ಹೆಸರು ಗೊತ್ತಿರಲ್ಲ, ಅಡ್ಡಹೆಸರೇ ಗೊತ್ತಿರೋದು.

ಹಳೆಯ ಪತ್ರಗಳಲ್ಲಿ ತಾರೀಖಿನ ಬದಲು ಸಂವತ್ಸರ ಇದ್ದರೆ ಗಾಬರಿ ಬೇಡ. ಅರವತ್ತು ವರ್ಷಕ್ಕೆ ಒಂದು ಸುತ್ತು. ವಿಶ್ವಾವಸು ಅಂತ ಇದ್ದರೆ 1905–06 ಆಗಬಹುದು, 1965–66 ಆಗಬಹುದು. ಅಳತೆ ನೋಡಿದರೆ ಒಂದು ಅಂದಾಜು ಸಿಗುತ್ತೆ. ಎಕರೆ ಗುಂಟೆ ಇಲ್ಲದೆ ಬಿತ್ತನೆ ಬೀಜದ ಮೇಲೆ ಹೇಳುವ ಖಂಡುಗ, ಕೊಳಗದ ಲೆಕ್ಕ ಇದ್ದರೆ ಹಳೆಯದ್ದೇ ಇರಬಹುದು.

ಸಬ್ ರಿಜಿಸ್ಟ್ರಾರ್ ಕಚೇರಿಯನ್ನೂ ಮರೆಯಬೇಡಿ. ಕ್ರಯಪತ್ರ, ಆಧಾರಪತ್ರ (ಅಡಮಾನದ ಪತ್ರ), ವಿಭಾಗಪತ್ರ (ಆಸ್ತಿ ಪಾಲಾದ ಪತ್ರ) ಎಲ್ಲವೂ ಅಪ್ಪನ ಹೆಸರು, ಊರು ಹೇಳಿಯೇ ಶುರುವಾಗೋದು. ಅದರಲ್ಲೂ ವಿಭಾಗಪತ್ರ ಸಿಕ್ಕಿದರೆ ಅಣ್ಣತಮ್ಮಂದಿರೆಲ್ಲ ವಯಸ್ಸಿನ ಸಮೇತ ಸಿಗಬಹುದು. ಹೆಣ್ಣುಮಕ್ಕಳ ಹೆಸರು ಹಳೆಯ ಕಾಗದಗಳಲ್ಲಿ ಬಹಳ ಕಡಿಮೆ. ಆದರೆ ನಮ್ಮ ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯಿದೆ ಬಂತು. ವಿಭಾಗ ಆಗುವಾಗ ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಅಂತ ಆಯ್ತು. ಹಾಗಾಗಿ ಅಲ್ಲಿಂದಾಚೆಯ ವಿಭಾಗಗಳಲ್ಲಿ ನಿಮ್ಮ ಮುತ್ತಜ್ಜಿಯ ಹೆಸರನ್ನು ಹುಡುಕಬಹುದು. ನಿಮ್ಮ ಪ್ರಶ್ನೆಯಲ್ಲಿ ಮುತ್ತಾತ ಮಾತ್ರ ಇದ್ದರು, ಅದಕ್ಕೆ ಹೇಳಿದೆ.

ಇದೆಲ್ಲ ಜಮೀನು ಇದ್ದವರ ಕಥೆ ಆಯ್ತು. ನಿಮ್ಮ ಪೋಸ್ಟಿನ ಕೆಳಗೆ ಇನ್ನೊಬ್ಬರು ‘ನಮ್ಮವರಿಗೆ ಒಂದು ಗುಂಟೆಯೂ ಇರಲಿಲ್ಲ, ನಾವೇನು ಮಾಡೋದು’ ಅಂತ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ತೋಟಿ, ತಳವಾರ, ನೀರಗಂಟಿ ಕೆಲಸ ಮಾಡುತ್ತಿದ್ದ ಮನೆತನವಾದರೆ ಸೇವೆಗೆ ಇನಾಮು ಜಮೀನು ಇದ್ದಿರಬಹುದು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯಿದೆಯಿಂದ ಆ ಹುದ್ದೆಗಳು ಹೋದಾಗ ಜಮೀನನ್ನು ಅವರಿಗೇ ರೀಗ್ರಾಂಟ್, ಅಂದರೆ ಮರುಮಂಜೂರು, ಮಾಡಿಕೊಟ್ಟರು. ಹಕ್ಕು ತೋರಿಸೋಕೆ ಅಪ್ಪ, ತಾತ ಯಾರು ಅಂತ ಹೇಳಬೇಕಿತ್ತು, ಹಾಗಾಗಿ ಆ ಕಡತಗಳಲ್ಲಿ ವಂಶಾವಳಿ ಸಿಗಬಹುದು. ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಸರ್ಕಾರಿ ಜಮೀನು ಮಂಜೂರಾಗಿದ್ದರೆ, ಸಾಗುವಳಿ ಚೀಟಿ ಇರುತ್ತೆ. ಗೇಣಿ ಮಾಡುತ್ತಿದ್ದರೆ 1974ರ ಭೂಸುಧಾರಣೆ ಆದ ಮೇಲೆ ಹಾಕಿದ ನಮೂನೆ 7 (ಗೇಣಿದಾರರು ಜಮೀನಿನ ಹಕ್ಕು ಕೇಳಿ ಕೊಟ್ಟ ಅರ್ಜಿ), ಭೂ ನ್ಯಾಯಮಂಡಳಿಯ ಆದೇಶ ಹುಡುಕಿ. ಏನೂ ಇಲ್ಲ ಅಂದರೆ ಊರಿನ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕ. ಹೆಡ್‌ಮಾಸ್ಟರಿಗೆ ಒಂದು ಅರ್ಜಿ ಕೊಟ್ಟು ಕೇಳಿ. ಅರಮನೆ ಕೆಲಸದಲ್ಲಿದ್ದವರು ಮೈಸೂರಿನ ವಿಭಾಗೀಯ ಪತ್ರಾಗಾರ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಶುರುವಾಯ್ತು. ತಾತ ಅಲ್ಲಿಗೆ ಕೆಲಸಕ್ಕೆ ಬಂದವರಾದರೆ ಮನೆಯ ಟ್ರಂಕಿನಲ್ಲಿ ಸರ್ವಿಸ್ ಕಾಗದ ಇದೆಯಾ ನೋಡಿ.

ಕಾಗದಕ್ಕಿಂತ ಹಿಂದಕ್ಕೆ ಹೋಗೋಕೆ ಎರಡು ದಾರಿ. ಒಂದು ಮನೆದೇವರು. ಇರೋದು ಪಾಂಡವಪುರದ ಹತ್ತಿರ, ಒಕ್ಕಲು ಮಾತ್ರ ದೂರದ ಮುಡುಕುತೊರೆಗೋ ಚುಂಚನಗಿರಿಗೋ ಅಂದರೆ ಹಿಂದೆ ಆ ಕಡೆಯಿಂದ ಬಂದಿರಬಹುದು. ಸುಳಿವು ಅಷ್ಟೇ, ಪುರಾವೆ ಅಲ್ಲ. ಇನ್ನೊಂದು ಹೆಳವರು. ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆ ಮುಂದೆ ನಿಂತು ತಲೆಮಾರುಗಳನ್ನು ಹೇಳಿ ಕಾಣಿಕೆ ಪಡೆದು ಹೋಗುತ್ತಿದ್ದವರು. ಮನೆಮನೆಯ ವಂಶಾವಳಿ ಬರೆದಿಟ್ಟ ಪುಸ್ತಕಗಳೂ ಅವರ ಹತ್ತಿರ ಇರುತ್ತವೆ. ನಿಮ್ಮ ಊರಿಗೆ ಯಾವ ಹೆಳವರ ಮನೆತನ ಬರುತ್ತಿತ್ತು ಅಂತ ಚಿಕ್ಕಪ್ಪನನ್ನು ಕೇಳಿ. ಸಿಕ್ಕರೆ ಕೂರಿಸಿ, ಊಟ ಹಾಕಿ, ಕೊಡುವ ಕಾಣಿಕೆ ಕೊಟ್ಟು, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ಹೇಳಿದ್ದನ್ನು ಪೌತಿ ಖಾತೆಯ ಹೆಸರುಗಳ ಜೊತೆ ತಾಳೆ ಹಾಕಿ ನೋಡಿ.

ಕೊನೆಗೆ, ನಿಮ್ಮ ಮುತ್ತಾತನ ಮೊದಲಿನ ಊರು ಕನ್ನಂಬಾಡಿ ಕಟ್ಟೆ ನೀರಿನಲ್ಲಿ ಮುಳುಗಿತು ಅಂತ ಅಜ್ಜಿ ಹೇಳುತ್ತಿದ್ದರು ಅಂದಿದ್ದೀರಿ. ಕಟ್ಟೆ ಕೆಲಸ 1911ರಲ್ಲಿ ಶುರು. ಮುಳುಗಡೆ ಜಮೀನಿಗೆ ಪರಿಹಾರ ಕೊಟ್ಟ ಭೂಸ್ವಾಧೀನದ ಕಡತಗಳಲ್ಲಿ ಖಾತೆದಾರರ ಹೆಸರು ಇರುತ್ತೆ. ಆಗಿನ ಅಧಿಸೂಚನೆಗಳು ಮೈಸೂರು ಗೆಜೆಟ್‌ನಲ್ಲಿ ಬರುತ್ತಿದ್ದವು, ಹಳೆಯ ಸಂಪುಟಗಳನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೇಳಿ ನೋಡಿ. ಅದಕ್ಕೆ ಮುಳುಗಿದ ಊರಿನ ಹೆಸರು ಬೇಕೇ ಬೇಕು. ಅಜ್ಜಿ ಹೇಳಿದ ಹೆಸರು ಸರಿಯಾಗಿ ನೆನಪಿಲ್ಲದಿದ್ದರೆ, ನಿಮ್ಮವರು ಬಂದು ನೆಲೆಸಿದ ಊರು ಮತ್ತು ಚಿಕ್ಕಪ್ಪನ ಪಹಣಿಯ ಸರ್ವೆ ನಂಬರ್ ಇಲ್ಲಿ ಹಾಕಿ. ಆಧಾರ್, ಫೋನ್ ನಂಬರ್ ಇರುವ ಕಾಗದ ಗುಂಪಿಗೆ ಹಾಕಬೇಡಿ. ಗ್ರಾಮ ನಕ್ಷೆ ನೋಡಿ ಮೊದಲು ಯಾವ ಎಂಆರ್ ಕೇಳಬೇಕು ಅಂತ ಹೇಳುತ್ತೇನೆ.