ದವಡೆಗೆ ತಂತಿ ಕಟ್ಟಿದ ಮೇಲೆ ತಮ್ಮ ಮಂಕಾಗಿದ್ದಾನೆ, ಆರೈಕೆ ಹೇಗೆ?

ಬಾಗಲಕೋಟೆಯಲ್ಲಿ ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡ ನಿಮ್ಮ ತಮ್ಮ, ಹಲ್ಲುಗಳಿಗೆ ತಂತಿ ಬಿಗಿಸಿದ ಮೇಲೆ ಯಾರ ಮುಖವನ್ನೂ ನೋಡುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಅದು ಹಟವಲ್ಲ. ಸಾಮಾನ್ಯವಾಗಿ 4ರಿಂದ 6 ವಾರ ಬಾಯಿ ಕಟ್ಟಿರುತ್ತದೆ. ಮನೆಯವರೆಲ್ಲ ರೊಟ್ಟಿ, ಎಣಗಾಯಿ ಉಣ್ಣುವಾಗ ಅವನೊಬ್ಬ ಗಂಜಿ ಹೀರುತ್ತ ಕೂರಬೇಕು. ನೋವಾದರೂ ಬಾಯಿಬಿಟ್ಟು ಹೇಳಲಾರ.

ನಾನು ವಿಜಯಪುರದಲ್ಲಿ ನರ್ಸ್. ಇಂಥವರಿಗೆ ಮೊದಲು ಒಂದು ಸ್ಲೇಟು ಕೊಡುತ್ತೇನೆ. ಬರೆದು ಮುಗಿಸುವವರೆಗೆ ಕಾಯುತ್ತೇನೆ, ಅವರ ಮಾತನ್ನು ನಾನೇ ಪೂರ್ತಿ ಮಾಡುವುದಿಲ್ಲ. ಹೀಗೆ ಕಾದದ್ದಕ್ಕೇ ಎಷ್ಟೋ ಜನ ಮತ್ತೆ ಕಣ್ಣೆತ್ತಿ ನೋಡಿದ್ದಾರೆ. "ರಾತ್ರಿ ಏನರ ಅಂಜಿಕಿ ಆಗ್ತದೇನಪಾ?" ಎಂದು ಕೇಳಿ ನೋಡಿ. ವಾಂತಿ ಬಂದರೆ ಉಸಿರು ಕಟ್ಟೀತು ಎಂಬ ಭಯ ಒಳಗೇ ಕೊರೆಯುತ್ತಿರಬಹುದು. ವಾಂತಿಯಾದರೆ ಮುಂದಕ್ಕೆ ಬಾಗಿಸಿ, ದ್ರವ ಹಲ್ಲಿನ ಸಂದಿಯಿಂದ ಹೊರಬರುತ್ತದೆ. ತಂತಿ ಕತ್ತರಿಸುವ ಕಟ್ಟರ್ ಹಾಸಿಗೆಯ ಪಕ್ಕದಲ್ಲೇ ಇರಲಿ. ಉಸಿರಾಟಕ್ಕೇ ತೊಂದರೆಯಾದರೆ ಯಾವ ತಂತಿ ಕತ್ತರಿಸಬೇಕೆಂದು ವೈದ್ಯರಿಂದ ಈಗಲೇ ಕಲಿತುಕೊಳ್ಳಿ, ಅವನಿಗೂ ತೋರಿಸಿ. ಗೊತ್ತಾದರೆ ಅರ್ಧ ಅಂಜಿಕೆ ಇಳಿಯುತ್ತದೆ.

ಊಟಕ್ಕೆ ಸೋಸಿದ ಜೋಳದ ಅಂಬಲಿ, ಬೇಳೆ ಕಟ್ಟು, ಹಾಲು, ಮಜ್ಜಿಗೆ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ಯಾವುದು ಬೇಕೆಂದು ಅವನೇ ಆರಿಸಲಿ. ಪ್ರತಿ ಸಲವೂ ಬಾಯಿ ಮುಕ್ಕಳಿಸಬೇಕು.

ಎರಡು ವಾರವಾದರೂ ನಿದ್ದೆ, ಆಸಕ್ತಿ ಮರಳದಿದ್ದರೆ ವೈದ್ಯರಿಗೆ ಹೇಳಿ. ಬದುಕು ಸಾಕು ಎಂದು ಬರೆದರೆ ಒಂದು ದಿನವೂ ಕಾಯಬೇಡಿ. ಅವನನ್ನು ಒಬ್ಬನೇ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.