ಕೌಂಟರ್ ಖಾಲಿ ಇದ್ದರೂ ಮಷಿನ್ ಹತ್ತಿರವೇ ಯಾಕೆ ಹೋಗುತ್ತಾರೆ?

ಲಂಡನ್ನಿನಲ್ಲಿರುವ ನಿಮ್ಮ ಅಣ್ಣ ಅಂಗಡಿಯಲ್ಲಿ ಕೌಂಟರ್ ಖಾಲಿ ಇದ್ದರೂ ಮಷಿನ್ ಹತ್ತಿರ ಹೋಗಿ ತಾನೇ ಬಿಲ್ ಮಾಡಿಕೊಳ್ಳುತ್ತಾನೆ. ಅವಸರವೋ, ಜನರ ಜೊತೆ ಮಾತು ಬೇಡವೋ ಅಂತ ಕೇಳಿದ್ದೀರಿ. ಎರಡೂ ಅಲ್ಲ. ಯಾವತ್ತೋ ಅವನ ಬಿಲ್ಲಿನಲ್ಲಿ ಒಂದು ಸಾಮಾನು ಎರಡು ಸಲ ಬಿದ್ದಿರಬೇಕು. ನನಗೆ ಬಿದ್ದಿತ್ತು.

ನಾನು ಬಳ್ಳಾರಿಯವಳು. ಉಗಾದಿ ಹಿಂದಿನ ದಿನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಬಾಗಿಲ ತನಕ ಪಾಳಿ. ಹುಡುಗ ಐದು ಲೀಟರ್ ಶೇಂಗಾ ಎಣ್ಣೆ ಕ್ಯಾನು ಸ್ಕ್ಯಾನ್ ಮಾಡಿ ಚೀಲಕ್ಕೆ ಇಳಿಸೋಕೆ ನೋಡಿದ. "ಚೀಲದಾಗ ಹಿಡಿಸಲ್ಲಮ್ಮ" ಅಂತ ಎತ್ತಿ ಈ ಕಡೆ ಇಟ್ಟ. ಆಗ ಇನ್ನೊಂದು ಸಲ ಬೀಪ್ ಅಂತು. ನನಗೆ ಕೇಳಿಸಿತು! ಅದೇ ನನ್ನ ಸಂಕಟ. ಕೇಳಿಸಿದರೂ ಸುಮ್ನಿದ್ದೆ. ಹಿಂದೆ ನಿಂತವರು ಉಸ್ಸಂತಿದ್ದರು, ನಾನು ಪರ್ಸಿನಲ್ಲಿ ಚಿಲ್ಲರೆ ಹುಡುಕುತ್ತಿದ್ದೆ. ಬಿಲ್ ಮಡಚಿ ಪರ್ಸಿಗೆ ಹಾಕಿಕೊಂಡು ಬಂದೆ.

ಬಿಲ್ ಬಿಚ್ಚಿದ್ದು ಹಬ್ಬ ಮುಗಿದು ಎರಡು ದಿನಕ್ಕೆ. ಎಣ್ಣೆ ಎರಡು ಸಾಲಿನಲ್ಲಿ ಬಂದಿದ್ದರೆ ಅವತ್ತೇ ಕಣ್ಣಿಗೆ ಬೀಳುತ್ತಿತ್ತೋ ಏನೋ. ಆದರೆ ಕಂಪ್ಯೂಟರ್ ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿತ್ತು. ಹೆಸರು ಒಂದೇ ಸಲ, ಪಕ್ಕದ 'ಕ್ವಾಂಟಿಟಿ' ಕಾಲಂನಲ್ಲಿ ಇರುವೆಯಷ್ಟು ಸಣ್ಣ 2. ನಾವು ಹೆಸರು ನೋಡ್ತೀವಿ, ದುಡ್ಡು ನೋಡ್ತೀವಿ, ನಡುವಿನ ಆ ಕಾಲಂ ಯಾರು ನೋಡ್ತಾರೆ? ಕೆಳಗೆ ಒಟ್ಟು ಎಷ್ಟು ಸಾಮಾನು ಅಂತಲೂ ಇತ್ತು. ಅಲ್ಲೇ ನಿಂತು ಸಾಮಾನು ಎಣಿಸಿದ್ದರೆ ಒಂದು ಕಮ್ಮಿ ಬರುತ್ತಿತ್ತು, ಮುಗೀತು. ಒಂಬೈನೂರು ಚಿಲ್ಲರೆ ಹೋಯಿತು. ವಾಪಸ್ ಕೇಳಿದರೆ, "ಕೌಂಟರ್ ಬಿಟ್ಟ ಮೇಲೆ ನಾವೇನ್ ಮಾಡೋಣ?" ಅಂದರು. ಎರಡನೇ ಕ್ಯಾನು ಮನೆಗೆ ಒಯ್ದಿಲ್ಲ ಅಂತ ನಾನು ಹೇಗೆ ತೋರಿಸಲಿ?

ಆಮೇಲೆ ಒಮ್ಮೆ ಮಗಳ ಮನೆಗೆ ಇಂಗ್ಲೆಂಡಿಗೆ ಹೋದಾಗ ಆ ಮಷಿನ್ ನೋಡಿದೆ. ಮೊದಲ ದಿನ ನನ್ನ ಕೈಚೀಲ ಅದರ ಕಟ್ಟೆ ಮೇಲೆ ಇಟ್ಟೆ, ಕೆಂಪು ದೀಪ ಹತ್ತಿ ನಿಂತೇ ಬಿಡ್ತು. ಯಾಕೆ ಅಂತ ಮಗಳು ಹೇಳಿದಳು. ಸಾಮಾನು ಇಡುವ ಕಟ್ಟೆ ಕೆಳಗೆ ತಕ್ಕಡಿ ಇರುತ್ತಂತೆ. ಯಾವ ಸಾಮಾನಿಗೆ ಎಷ್ಟು ತೂಕ ಅಂತ ಅದಕ್ಕೆ ಮೊದಲೇ ಗೊತ್ತು. ಸ್ಕ್ಯಾನ್ ಮಾಡಿದ್ದಕ್ಕೂ ಇಟ್ಟಿದ್ದಕ್ಕೂ ತೂಕ ಕೂಡದಿದ್ದರೆ ಮುಂದಕ್ಕೆ ಹೋಗಲ್ಲ. ಗಿರಾಕಿ ಕದಿಯಬಾರದು ಅಂತ ಇಟ್ಟಿದ್ದು. ನನಗೆ ಹೊಳೆದದ್ದೇ ಬೇರೆ: ಒಂದೇ ಕ್ಯಾನು ಎರಡು ಸಲ ಬಿದ್ದರೂ ಅದು ನಿಲ್ಲಬೇಕಲ್ವಾ! ಮೇಲಾಗಿ ಪರದೆ ನನ್ನ ಕಡೆಗೇ ಇದೆ, ಒಂದೊಂದೇ ಬೆಲೆ ಓದಿಕೊಂಡು ಹೋಗಬಹುದು. ಎಲ್ಲ ಮಷಿನ್‌ಗೂ ತಕ್ಕಡಿ ಇರಲ್ಲ, ಅದು ಬೇರೆ ಮಾತು.

ಬೇಗ ಆಗುತ್ತೆ ಅನ್ನೋದು ಸುಳ್ಳು. ಬಿಡಿ ಬಾಳೆಹಣ್ಣಿಗೆ ಚಿತ್ರ ಹುಡುಕಬೇಕು, ಈರುಳ್ಳಿಯಲ್ಲೇ ನಾಲ್ಕು ಜಾತಿ. ಕೌಂಟರ್ ಹುಡುಗಿ ಎರಡು ನಿಮಿಷದಲ್ಲಿ ಮುಗಿಸೋದು ನನಗೆ ಹತ್ತು ನಿಮಿಷ. ಆದರೂ ನಾನು ಮಷಿನ್‌ಗೇ ಹೋಗುತ್ತಿದ್ದೆ.

ಅಂಗಡಿಯವರ ಕೆಲಸ ಗಿರಾಕಿಯೇ ಮಾಡೋದು ಹೊಸದೇನಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್ ಊರಿನ ಪಿಗ್ಲಿ ವಿಗ್ಲಿ ಅನ್ನೋ ದಿನಸಿ ಅಂಗಡಿಯಲ್ಲಿ ಗಿರಾಕಿಗಳೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಳ್ಳೋದು ಶುರುವಾಯಿತು. ಅದಕ್ಕೂ ಮುಂಚೆ ಅಲ್ಲೂ ನಮ್ಮ ಕಿರಾಣಿ ಅಂಗಡಿ ಥರಾನೇ, ಅಂಗಡಿಯವನೇ ತೆಗೆದು ಕೊಡಬೇಕಿತ್ತು. ನಮ್ಮ ಓಣಿಯ ಶೆಟ್ಟರು ಚೀಟಿ ಬರೆಯುತ್ತಾ ಪ್ರತಿಯೊಂದನ್ನೂ ಜೋರಾಗಿ ಓದುತ್ತಾರೆ. ನನ್ನ ಕೇಳಿದರೆ ಮಷಿನ್‌ಗಿಂತ ಅದೇ ವಾಸಿ. ಅಣ್ಣನಿಗೆ ಬುದ್ಧಿ ಹೇಳೋಕೆ ಹೋಗಬೇಡಿ. ನಿಮ್ಮ ರಾಯಚೂರಿನ ಅಂಗಡಿಯಲ್ಲಿ ಪರದೆ ನಿಮ್ಮ ಕಡೆ ತಿರುಗಿಸಿ ಅಂತ ಕೇಳಿ, ಮತ್ತೆ ಆ ನಡುವಿನ ಕಾಲಂ ಓದದೆ ಹೊರಗೆ ಕಾಲಿಡಬೇಡಿ. ಪಾಳಿಯವರು ಬೈದರೆ ಬೈಯಲಿ.

ಹುಡುಗನ ಮೇಲೆ ಸಿಟ್ಟಿಲ್ಲ, ದಿನಪೂರ್ತಿ ನಿಂತಿರುತ್ತಾನೆ ಪಾಪ. ಈಗ ನನ್ನನ್ನು ಕಂಡರೆ ಅವನೇ ಎಣ್ಣೆ ಕ್ಯಾನು ಮೇಲೆತ್ತಿ, "ಒಂದೇ ಅಮ್ಮಾ, ಒಂದೇ" ಅಂತಾನೆ.